'ಘನನ ಘನನ' ಮಳೆ ಬಂದ ಹಾಡಲ್ಲ, ಬಾರದೇ ಹೋದ ಮಳೆಯ ಹಾಡು

ಮುಂಗಾರಿನ ಮೊದಲ ಹನಿ ನೆಲಕ್ಕೆ ಬಿದ್ದಿದ್ದೇ ತಡ, ಫೋನಿನಲ್ಲಿ ಒಂದೇ ಹಾಡು. ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ 'ಘನನ ಘನನ', ರೀಲ್ಸಿನಲ್ಲಿ 'ಘನನ ಘನನ'. ಹಸಿ ಮಣ್ಣು, ಎತ್ತಿನ ಕೊರಳ ಗಂಟೆ, ಕೊಡೆ ಹಿಡಿದ ಅಜ್ಜಿ. ಕೆಳಗೆ ನಮ್ಮ ಪತ್ರಿಕೋದ್ಯಮದ ಅತಿ ಸವೆದ ಸಾಲು: 'ರೈತರ ಮೊಗದಲ್ಲಿ ಮಂದಹಾಸ'.

ನಮ್ಮ ತಕರಾರು ಇರುವುದು ಇಲ್ಲೇ. 'ಲಗಾನ್' ಸಿನಿಮಾ ನೋಡಿದವರು ಸ್ವಲ್ಪ ನೆನಪು ಮಾಡಿಕೊಳ್ಳಿ. ಆ ಹಾಡು ಮುಗಿದ ಮೇಲೆ ಏನಾಗುತ್ತದೆ? ಮಳೆ ಬರುವುದಿಲ್ಲ. ಮೋಡ ಕವಿಯುತ್ತದೆ, ಗುಡುಗು ಕೇಳಿಸುತ್ತದೆ, ಚಂಪಾನೇರ್ ಎಂಬ ಊರಿಗೆ ಊರೇ ಹೊರಗೆ ಬಂದು ಕುಣಿಯುತ್ತದೆ. ಆಮೇಲೆ ಮೋಡ ಊರು ದಾಟಿ ಹೋಗುತ್ತದೆ. ಮೇಲೆ ಎತ್ತಿದ ಮುಖಗಳು ಹಾಗೇ ಉಳಿಯುತ್ತವೆ. ಇಪ್ಪತ್ತು ವರ್ಷದಿಂದ ನಾವೆಲ್ಲ ಮಳೆಯ ಸಂಭ್ರಮಕ್ಕೆ ಹಾಕಿಕೊಳ್ಳುತ್ತಿರುವ ಈ ಹಾಡು ಕೈ ಕೊಟ್ಟ ಮಳೆಯ ಹಾಡು.

ಇದೇನು ದೊಡ್ಡ ವಿಷಯ, ಹಾಡು ಹಾಡಷ್ಟೇ ಅಲ್ಲವೇ ಎಂದು ನೀವು ಕೇಳಬಹುದು. ದೊಡ್ಡ ವಿಷಯವೇ. ಅರ್ಧ ನಿಮಿಷಕ್ಕೆ ಕತ್ತರಿಸಿದಾಗ ಹಾಡಿನಿಂದ ಉದುರಿ ಹೋಗುವುದು ಯಾವ ಭಾಗ ನೋಡಿ. ಕುಣಿತ ಉಳಿಯುತ್ತದೆ, ಬರ ಉದುರುತ್ತದೆ. ಹಳ್ಳಿಯ ವಿಷಯದಲ್ಲಿ ಪಟ್ಟಣವೂ ಟಿ.ವಿ.ಯೂ ಯಾವಾಗಲೂ ಮಾಡುವುದು ಇದನ್ನೇ. ಈಗ ನಮ್ಮ ಕೈಯಿಂದಲೇ, ನಮ್ಮ ಫೋನಿನಲ್ಲೇ ಅದು ನಡೆಯುತ್ತಿದೆ.

2001ರ ಜೂನ್ 15ರಂದು ತೆರೆಗೆ ಬಂದ 'ಲಗಾನ್' ಪ್ರೇಮಕಥೆ ಹೌದು, ಕ್ರಿಕೆಟ್ ಕಥೆಯೂ ಹೌದು. ಆದರೆ ಹೆಸರೇ ಹೇಳುವ ಹಾಗೆ ಮೊದಲಿಗೆ ಅದು ಕಂದಾಯದ ಕಥೆ. ಕಾಲ 1893. ಮಳೆಯಿಲ್ಲದ ಊರಿನ ಮೇಲೆ ಎರಡು ಪಟ್ಟು ಲಗಾನ್ ಹೇರುತ್ತಾರೆ. ಆಟದಲ್ಲಿ ಗೆದ್ದರೆ ಮೂರು ವರ್ಷ ಕಂದಾಯ ಇಲ್ಲ, ಸೋತರೆ ಮೂರು ಪಟ್ಟು. ಎ.ಆರ್. ರೆಹಮಾನ್ ಸಂಗೀತ, ಜಾವೇದ್ ಅಖ್ತರ್ ಸಾಹಿತ್ಯ. ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. 'ಮಿತವಾ' ಹಾಡಿದ ಉದಿತ್ ನಾರಾಯಣ್ ಅವರಿಗೂ ಬಂತು. ಅದರಲ್ಲಿ ನಮಗೆ ಸಂತೋಷವೇ. ಆದರೆ ಆ ಹಾಡುಗಳು ಸಿನಿಮಾದಲ್ಲಿ ಮಾಡುವ ಕೆಲಸವನ್ನು ಮರೆತು ಬರೀ 'ಹಳೇ ಕಾಲದ ಚಂದದ ಹಾಡು' ಎಂದು ಮೆಲುಕು ಹಾಕುವುದಕ್ಕೆ ನಮ್ಮ ವಿರೋಧವಿದೆ.

'ಘನನ ಘನನ' ಹಾಡನ್ನೇ ತೆಗೆದುಕೊಳ್ಳಿ. ನಾಯಕ ಒಬ್ಬನೇ ಹಾಡುವ ಹಾಡಲ್ಲ ಅದು. ಉದಿತ್ ನಾರಾಯಣ್, ಸುಖವಿಂದರ್ ಸಿಂಗ್, ಅಲ್ಕಾ ಯಾಜ್ಞಿಕ್, ಶಂಕರ್ ಮಹಾದೇವನ್, ಶಾನ್, ಕಿಶೋರಿ ಗೋವಾರಿಕರ್ ಸರದಿಯ ಮೇಲೆ ದನಿ ಕೊಡುತ್ತಾರೆ. ಅರಳಿಕಟ್ಟೆಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುವ ಹಾಗೆ. ಅಷ್ಟು ದನಿಗಳು ಒಟ್ಟಿಗೆ ಆಸೆ ಪಟ್ಟು ಒಟ್ಟಿಗೆ ಸುಮ್ಮನಾಗುತ್ತವೆ. ಆ ಮೌನವೂ ಹಾಡಿನ ಭಾಗವೇ. ಸ್ಟೇಟಸ್ಸಿನಲ್ಲಿ ಕತ್ತರಿಸಿ ಹೋಗುವುದು ಅದೇ.

ಈ ಹಾಡು ಹೇಳುವ ಮೋಸ ನಮಗೆ ಹೊಸದೂ ಅಲ್ಲ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂದು ನಂಬಿ, ಮೊದಲ ಹದಕ್ಕೇ ಬೀಜ ಗೊಬ್ಬರ ತಂದು ಬಿತ್ತುತ್ತೇವೆ. ಆಮೇಲೆ ಹದಿನೈದು ದಿನ ಮಳೆ ನಾಪತ್ತೆ. ಮೊಳಕೆ ಒಣಗಿ, ಮತ್ತೆ ಬೀಜಕ್ಕೆ ಸಾಲ, ಮರುಬಿತ್ತನೆ. ಜೂನ್ ತಿಂಗಳಲ್ಲಿ ನಕ್ಕ ಮುಖದ ಫೋಟೊ ಹಾಕಿದವರು ಜುಲೈನಲ್ಲಿ ಅದೇ ಹೊಲಕ್ಕೆ ಬರುವುದಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಸರ್ಕಾರವೇ ಬರಪೀಡಿತ ಎಂದು ಘೋಷಿಸಿತು. ಬಿಟ್ಟುಹೋದ ತಾಲ್ಲೂಕುಗಳು ಬೆರಳೆಣಿಕೆ. ಬರ ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸರಿಯಾಗಿ ಕೇಳಿಸಿಕೊಂಡರೆ 'ಘನನ ಘನನ' ಅಂಥ ವರ್ಷದ ಹಾಡು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ಗುರ್ಜಿ ಹೊತ್ತು ಮನೆ ಮನೆಗೆ ಹೋಗಿ ನೀರು ಹೊಯ್ಯಿಸಿಕೊಂಡು ಹಾಡುವುದು, ಹಳೇ ಮೈಸೂರು ಕಡೆ ಮಳೆರಾಯನನ್ನು ಮಾಡಿ ಹೊತ್ತು ತಿರುಗುವುದು, ಕಪ್ಪೆಗೆ ಮದುವೆ ಮಾಡುವುದು, ಇವೆಲ್ಲ ಮಳೆ ಬಾರದಾಗಿನ ಆಚರಣೆಗಳು. ಗುರ್ಜಿ ಹಾಡನ್ನು ಯಾರೂ ಮಳೆ ಬಂದ ಖುಷಿಗೆ ಹಾಡಲಿಲ್ಲ. ಯಾವ ಹಾಡು ಯಾವ ಹೊತ್ತಿನದು ಎಂಬ ಲೆಕ್ಕ ಅವರಿಗಿತ್ತು.

ಉಳಿದ ಹಾಡುಗಳ ಕಥೆಯೂ ಅಷ್ಟೇ. 'ಮಿತವಾ' ಎಂದರೆ ಗೆಳೆಯ. ಪ್ರೇಮಿಗಳ ಫೋಟೊ ಜೋಡಿಸಿ ಅದನ್ನು ಹಂಚುತ್ತೇವೆ. ಸಿನಿಮಾದಲ್ಲಿ ಅದು ಹೆದರಿದ ಊರನ್ನು ಒಗ್ಗೂಡಿಸುವ ಹಾಡು. ಪಂದ್ಯ ಒಪ್ಪಿಕೊಂಡ ಭುವನ್ ಮೇಲೆ ಊರೇ ಸಿಟ್ಟಾಗಿರುವಾಗ, ಒಬ್ಬೊಬ್ಬರೇ ಬಂದು ಸೇರಿಕೊಳ್ಳುವ ಹೊತ್ತಿನದು. 'ಚಲೇ ಚಲೋ' ತಾಲೀಮಿನ ಹಾಡು. 'ಓ ಪಾಲನಹಾರೇ' ಕೊನೆಯ ದಿನದ ಆಟಕ್ಕೆ ಮುಂಚಿನ ರಾತ್ರಿ, ಸೋಲು ಕಣ್ಣೆದುರು ನಿಂತಾಗಿನ ಪ್ರಾರ್ಥನೆ. 'ಓ ರೇ ಛೋರಿ' ಒಂದೇ ಪ್ರೇಮದ ಹಾಡೆಂದರೂ ಅದರೊಳಗೂ ಎರಡು ಲೋಕಗಳಿವೆ. ನಮ್ಮ ಬೆಂಗಳೂರಿನ ವಸುಂಧರಾ ದಾಸ್ ಇಂಗ್ಲಿಷ್ ಸಾಲುಗಳಲ್ಲಿ ಬಂಗಲೆಯ ಹೆಣ್ಣಿನ ಮನಸ್ಸು ಹಾಡಿದರೆ, ಹಳ್ಳಿಯ ಜೋಡಿ ತನ್ನ ಭಾಷೆಯಲ್ಲಿ ತನ್ನ ಪಾಡಿಗೆ ಹಾಡಿಕೊಳ್ಳುತ್ತದೆ.

'ಚಲೇ ಚಲೋ' ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹಳ್ಳಿಗಳ ಕಬಡ್ಡಿ, ಕ್ರಿಕೆಟ್ ಟೂರ್ನಮೆಂಟುಗಳಲ್ಲಿ ಡಿ.ಜೆ. ಬಾಕ್ಸಿನಿಂದ ಇಂಥ ಹಾಡುಗಳು ಮೊಳಗುತ್ತವೆ. ಸಿನಿಮಾದ ತಂಡದಲ್ಲಿ ಕಚರಾ ಎಂಬ ಹುಡುಗನಿದ್ದಾನೆ. ಊರು ಅವನನ್ನು ಮುಟ್ಟುವುದಿಲ್ಲ. ಅವನ ಹೆಸರಿನ ಅರ್ಥವೇ ಕಸ. ಅವನು ತಂಡಕ್ಕೆ ಬಂದರೆ ನಾವು ಆಡುವುದಿಲ್ಲ ಎಂದು ಉಳಿದವರು ಹಟ ಹಿಡಿಯುತ್ತಾರೆ. ಕೊನೆಗೆ ಸತತ ಮೂರು ವಿಕೆಟ್ ತೆಗೆಯುವವನು ಅವನೇ. ಈಗ ನಿಮ್ಮೂರಿನ ಟೂರ್ನಮೆಂಟ್ ನೆನಪಿಸಿಕೊಳ್ಳಿ. ತಂಡಗಳು ಯಾವ ಯಾವ ಕೇರಿಯವು? ಊಟದ ಪಂಕ್ತಿ ಒಂದೇ ಇದೆಯೇ? ಹಾಡು ಮಾತ್ರ ಹಾಕಿ ಕಚರಾನನ್ನು ಮೈದಾನದ ಹೊರಗೇ ನಿಲ್ಲಿಸಿದರೆ, ಆ ಹಾಡು ಕೇಳುವ ಹಕ್ಕು ನಮಗೆಷ್ಟಿದೆ?

'ಅದೆಲ್ಲ ಬ್ರಿಟಿಷರ ಕಾಲದ ಕಥೆ, ಮುಗಿದುಹೋಯಿತು' ಎನ್ನುವವರೂ ಇದ್ದಾರೆ. ಅವರು ನರಗುಂದಕ್ಕೆ ಹೋಗಿ ಬರಲಿ. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗೆ ಬಂದದ್ದು ಕರದ ವಿರುದ್ಧವೇ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸರ್ಕಾರ ಹೇರಿದ್ದ ಅಭಿವೃದ್ಧಿ ಕರ ಅದು. ಗುಂಡು ಹಾರಿಸಿದ್ದು ಬ್ರಿಟಿಷರಲ್ಲ, ನಮ್ಮದೇ ಪೊಲೀಸರು. ರೈತರು ಸತ್ತರು. ಆ ಬಂಡಾಯ ರಾಜ್ಯದ ರೈತ ಚಳವಳಿಗೆ ಜೀವ ಕೊಟ್ಟಿತು. ಮೂರೇ ವರ್ಷದಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿದ್ದಕ್ಕೆ ಅದೂ ಒಂದು ಕಾರಣ. ಅದಕ್ಕೂ ಮೊದಲು 1930ರ ದಶಕದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರ ನಿರಾಕರಣೆ ಮಾಡಿ ಜಮೀನು ಕಳೆದುಕೊಂಡಿದ್ದರು. ಆಗ ಅವರು ಎದುರಿಸಿದ್ದು ಬ್ರಿಟಿಷರನ್ನು. ಲಗಾನ್ ಕಥೆ ಕಟ್ಟುಕಥೆ ಇರಬಹುದು. ಲಗಾನ್ ಕಟ್ಟುಕಥೆಯಲ್ಲ.

ಸಿನಿಮಾ ಚಿತ್ರೀಕರಣವಾದ ನೆಲಕ್ಕೂ ಇದೇ ಗತಿ. ಗುಜರಾತಿನ ಕಛ್‌ನಲ್ಲಿ, ಭುಜ್ ಹತ್ತಿರ ಚಂಪಾನೇರ್ ಸೆಟ್ ಹಾಕಿದ್ದರು. ಪಂದ್ಯ ನೋಡುವ ಗುಂಪಿನಲ್ಲಿ ಕೂತಿದ್ದವರು ಸುತ್ತಲಿನ ಊರುಗಳ ಸಾವಿರಾರು ಜನ. ಸಿನಿಮಾ ತೆರೆಗೆ ಬರುವ ಮೊದಲೇ, 2001ರ ಜನವರಿ 26ರ ಬೆಳಿಗ್ಗೆ, ಭೂಕಂಪ ಆ ಸೀಮೆಯನ್ನೇ ನೆಲಸಮ ಮಾಡಿತು. ಹಾಡು ಕೇಳುವಾಗ ಆ ಮುಖಗಳು ಯಾರಿಗೆ ನೆನಪಾಗುತ್ತವೆ?

'ದಿನವಿಡೀ ದುಡಿದು ಬಂದವರಿಗೆ ಎರಡು ನಿಮಿಷದ ಖುಷಿಯೂ ಬೇಡವೇ?' ಎಂದು ಬೈಯುವವರಿಗೆ ನಮ್ಮ ಉತ್ತರ ಇಷ್ಟೇ. ಖುಷಿ ಬೇಕು, ಹಾಡು ಹಾಕಿ. ಆದರೆ ನಿಮ್ಮ ಖುಷಿಯ ಅರ್ಧ ನಿಮಿಷವನ್ನೇ ನಿಮ್ಮ ಪೂರ್ತಿ ಬದುಕು ಎಂದು ತೋರಿಸುವವರು ಕಾದು ಕೂತಿದ್ದಾರೆ. 'ಮಳೆ ಬಂತು, ರೈತ ನಕ್ಕ' ಎಂದು ಸುದ್ದಿ ಮುಗಿಸಿದವರಿಗೆ ಬೀಜದ ದರ, ವಿಮೆಯ ಕಂತು, ಸಾಲದ ನೋಟಿಸು ಯಾವುದನ್ನೂ ಕೇಳಬೇಕಾಗಿಲ್ಲ. ಪತ್ರಿಕೋದ್ಯಮ ಓದಿ ಬಂದ ನಮ್ಮಂಥವರೇ ಆ ಮಂದಹಾಸದ ಸಾಲನ್ನು ಮೊದಲು ಬಿಡಬೇಕು.

ಅದಕ್ಕೇ ನಮ್ಮದೊಂದು ಬೇಡಿಕೆ. ಮುಂದಿನ ಮುಂಗಾರಿಗೆ 'ಘನನ ಘನನ' ಸ್ಟೇಟಸ್ ಹಾಕುವವರು ಅದರ ಜೊತೆ ಒಂದು ಸಾಲು ಬರೆಯಿರಿ: ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿತ್ತು, ಬಿತ್ತನೆ ಆಯಿತೇ ಇಲ್ಲವೇ. ಹದಿನೈದು ದಿನ ಬಿಟ್ಟು ಅದೇ ಹೊಲದ ಇನ್ನೊಂದು ಫೋಟೊ ಹಾಕಿ. ಮೋಡ ಊರು ದಾಟಿ ಹೋಗಿದ್ದರೆ ಅದನ್ನೂ ಬರೆಯಿರಿ. ಸಿನಿಮಾದಲ್ಲೂ ಕೊನೆಗೆ ಮಳೆ ಬರುತ್ತದೆ. ಬರುವುದು ಊರು ಒಟ್ಟಾಗಿ ಆಡಿ, ಲಗಾನ್ ಗೆದ್ದ ಮೇಲೆ.