ಸೇಲಂನ ಸಾಬಕ್ಕಿ ಮತ್ತು ನಮ್ಮ ಗಲ್ಲಾಪೆಟ್ಟಿಗೆ

ನಮ್ಮವರು ಹೊಸ ಅಂಗಡಿ ತೆರೆಯುವಾಗ ಮೊದಲು ಬರುವುದು ಬೋರ್ಡು, ಆಮೇಲೆ ಎ.ಸಿ., ಆಮೇಲೆ ಬಿಲ್ಲಿಂಗ್ ಮೆಷಿನ್. ಉದ್ಘಾಟನೆಯ ಫೋಟೋದಲ್ಲಿ ಅದಕ್ಕೂ ಒಂದು ಜಾಗ ಇರುತ್ತದೆ. ಒಂದು ವರ್ಷ ಕಳೆದ ಮೇಲೆ ಹೋಗಿ ಮಾಲಕರಲ್ಲಿ ಕೇಳಿ: ಈ ಮೆಷಿನ್‌ನಿಂದ ನಿಮಗೆ ಏನು ಲಾಭವಾಯಿತು? "ಬಿಲ್ ಬೇಗ ಆಗುತ್ತದೆ" ಎನ್ನುತ್ತಾರೆ. ಯಾವ ಮಾಲಿನಲ್ಲಿ ಲಾಭ ಬಂತು, ಯಾವುದು ಕಪಾಟಿನಲ್ಲೇ ಹಾಳಾಯಿತು, ಯಾರ ಬಾಕಿ ಎಷ್ಟು ತಿಂಗಳಿನದ್ದು ಎಂದು ಕೇಳಿದರೆ ಮೌನ. ಉತ್ತರ ಆ ಮೆಷಿನ್‌ನ ಒಳಗೇ ಇದೆ. ತೆಗೆದು ನೋಡುವವರಿಲ್ಲ.

ತುಳುವಿನ 'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಹೆಸರಿನಲ್ಲೇ ವ್ಯಾಪಾರ ಇಟ್ಟುಕೊಂಡವರು ಲೆಕ್ಕದ ವಿಷಯದಲ್ಲಿ ಇಷ್ಟು ಉದಾಸೀನ ಮಾಡಬಹುದೇ? ನಮ್ಮಲ್ಲಿ ಎರಡು ಪಂಗಡ ಇದೆ. ಒಂದು, "ಹಿರಿಯರು ಪಟ್ಟಿ ಪುಸ್ತಕದಲ್ಲೇ ಬಂದರ್ ಆಳಲಿಲ್ಲವೇ" ಎನ್ನುವ ಪಂಗಡ. ಇನ್ನೊಂದು, ದೊಡ್ಡ ಸಾಫ್ಟ್‌ವೇರ್ ತಂದರೆ ವ್ಯಾಪಾರ ತಾನಾಗಿ ಮೇಲೇರುತ್ತದೆ ಎಂದು ನಂಬಿದ ಪಂಗಡ. ಇಬ್ಬರೂ ತಪ್ಪು ಎಂಬುದು ನನ್ನ ವಾದ. ಯಂತ್ರಕ್ಕೆ ಬೆಲೆ ಬರುವುದು ಅದು ಕೊಟ್ಟ ಮಾಹಿತಿಯಿಂದ ನಮ್ಮ ಒಂದಾದರೂ ತೀರ್ಮಾನ ಬದಲಾದಾಗ. ತೀರ್ಮಾನ ಬದಲಾಗದಿದ್ದರೆ ಅದು ಅಂಗಡಿಯ ಅಲಂಕಾರ.

ಇದಕ್ಕೆ ಉದಾಹರಣೆ ನಮ್ಮ ಅಡುಗೆಮನೆಯಲ್ಲೇ ಇದೆ. ನಮ್ಮ ಉಮ್ಮಂದಿರು ಪಾಯಸಕ್ಕೆ ಹಾಕುವ ಸಾಬಕ್ಕಿ ಎಲ್ಲಿಂದ ಬರುತ್ತದೆ ಗೊತ್ತೇ? ದೇಶದಲ್ಲಿ ತಯಾರಾಗುವ ಸಾಬಕ್ಕಿಯ ಬಹುಪಾಲು ತಮಿಳುನಾಡಿನ ಸೇಲಂ ಮತ್ತು ಅದರ ಸುತ್ತಲಿನ ಜಿಲ್ಲೆಗಳದ್ದು. ಸೇಲಂ, ನಾಮಕ್ಕಲ್, ಧರ್ಮಪುರಿ ಕಡೆಯ ಹೊಲಗಳಲ್ಲಿ ಬೆಳೆದ ಮರಗೆಣಸು ಅಲ್ಲಿನ ಮಿಲ್ಲುಗಳಿಗೆ ಬಂದು ಬಿಳಿ ಮುತ್ತಾಗುತ್ತದೆ. 1940ರ ದಶಕದಲ್ಲಿ, ಯುದ್ಧದಿಂದ ಹೊರದೇಶದ ಮಾಲು ನಿಂತುಹೋದಾಗ ಬೆಳೆದ ಉದ್ಯಮ ಅದು.

ಸಣ್ಣ ಮಿಲ್ಲುಗಳ ಕಷ್ಟ ಏನಿತ್ತು? ಮಾಲು ಇಡಲು ಗೋದಾಮಿಲ್ಲ, ಕೈಯಲ್ಲಿ ಹಣವಿಲ್ಲ, ಪೇಟೆಯ ದರ ಗೊತ್ತಿಲ್ಲ. ದಲ್ಲಾಳಿ ಹೇಳಿದ್ದೇ ದರ. ಅದಕ್ಕಾಗಿ 1981ರಲ್ಲಿ ಮಿಲ್ಲಿನವರ ಸಹಕಾರ ಸಂಘ ಹುಟ್ಟಿತು. 'ಸಾಗೋಸರ್ವ್' ಎಂದು ಅದರ ಹೆಸರು. ಸದಸ್ಯರು ಮೂಟೆಗಳನ್ನು ಸಂಘದ ಗೋದಾಮಿಗೆ ತರುತ್ತಾರೆ, ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ, ವ್ಯಾಪಾರಿಗಳು ಟೆಂಡರ್‌ನಲ್ಲಿ ದರ ಹಾಕುತ್ತಾರೆ, ಹಣ ಸಂಘದ ಮೂಲಕ ಮಿಲ್ಲಿಗೆ ಬರುತ್ತದೆ. ಈಗ ಆ ಟೆಂಡರ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. 2023ರಲ್ಲಿ ಸೇಲಂ ಸಾಬಕ್ಕಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಇಲ್ಲಿ ಬೆಲೆ ಎಲ್ಲಿಂದ ಬಂತು? ಗೋದಾಮು, ಪರೀಕ್ಷೆ, ಹಣದ ಭದ್ರತೆ, ಎಲ್ಲರಿಗೂ ಕಾಣುವ ದರ ಎಂಬ ನಾಲ್ಕೂ ಕೂಡಿದ್ದರಿಂದ. ಪರದೆಯ ಮೇಲಿನ ದರ ಅದರಲ್ಲಿ ಒಂದು ಭಾಗ ಮಾತ್ರ. ಮೆಕ್ಕೆಜೋಳದ ಪಿಷ್ಟ ಬೆರೆಸುತ್ತಾರೆ, ಬಿಳುಪಿಗೆ ರಾಸಾಯನಿಕ ಹಾಕುತ್ತಾರೆ ಎಂಬ ದೂರುಗಳು ಆ ಉದ್ಯಮವನ್ನು ವರ್ಷಗಳಿಂದ ಕಾಡಿವೆ. ಮಾದರಿಯ ಪರೀಕ್ಷೆ ಸರಿಯಿಲ್ಲದಿದ್ದರೆ ಎಷ್ಟೇ ಚುರುಕಾದ ಕಂಪ್ಯೂಟರ್ ಇದ್ದರೂ ಅದು ತೋರಿಸುವ ದರ ಸುಳ್ಳಾಗುತ್ತದೆ. ನಮ್ಮ ಅಂಗಡಿಯಲ್ಲೂ ಹಾಗೆಯೇ. ಮಾಲು ಬಂದಾಗ ಎಣಿಸಿ ದಾಖಲಿಸದಿದ್ದರೆ ಸಂಜೆ ತೆಗೆಯುವ ಸ್ಟಾಕ್ ರಿಪೋರ್ಟ್ ಬರೀ ಕಾಗದ.

ಅದೇ ಸಾಬಕ್ಕಿಯ ಕಥೆಗೆ ಇನ್ನೊಂದು ಮುಖ ಇದೆ. ಮರಗೆಣಸಿನ ಬೆಲೆ ನಿಲ್ಲುವುದು ಅದರಲ್ಲಿ ಎಷ್ಟು ಪಿಷ್ಟ ಇದೆ ಎಂಬುದರ ಮೇಲೆ, 'ಪಾಯಿಂಟ್' ಲೆಕ್ಕದಲ್ಲಿ. ಆ ಪಾಯಿಂಟ್ ಅಳೆಯುವುದು ಮಿಲ್ಲಿನ ಅಂಗಳದಲ್ಲಿ. ಲಾರಿಯ ಜೊತೆ ಬಂದ ಧರ್ಮಪುರಿಯ ರೈತ ಮಿಲ್ಲಿನವರು ಹೇಳಿದ ಅಂಕಿಯನ್ನು ಒಪ್ಪಿಕೊಳ್ಳಬೇಕು. ದಲ್ಲಾಳಿಯ ಎದುರು ಮಾಹಿತಿ ಬೇಕೆಂದು ಹೋರಾಡಿದ ಉದ್ಯಮದಲ್ಲೇ ರೈತನ ಕೈಗೆ ಅಳತೆ ಬರಲಿಲ್ಲ. ಮಾಹಿತಿ ವ್ಯವಸ್ಥೆಯ ಲಾಭ ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಅಳೆಯುವವರಿಗೆ, ನೋಡುವವರಿಗೆ. ಈ ಮಾತನ್ನು ನೆನಪಿಡಿ, ನಮ್ಮ ಮನೆಗಳ ವಿಷಯದಲ್ಲೂ ಬೇಕಾಗುತ್ತದೆ.

ಲಾಭ ಆಯಿತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲೇ ಈ ಚುಚ್ಚುಮಾತು ಆಡಿದ್ದರು: ಕಂಪ್ಯೂಟರ್ ಎಲ್ಲ ಕಡೆ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುವುದಿಲ್ಲ ಎಂಬುದು ಅವರ ಮಾತಿನ ಸಾರ. ಆದರೆ ಸರಿಯಾಗಿ ಅಳೆದ ಉದಾಹರಣೆ ನಮ್ಮ ಕಡಲ ತೀರದಲ್ಲೇ ಇದೆ. ರಾಬರ್ಟ್ ಜೆನ್ಸನ್ ಎಂಬವರು ಉತ್ತರ ಕೇರಳದ ಮೀನುಗಾರರ ಬಗ್ಗೆ ಅಧ್ಯಯನ ನಡೆಸಿ 2007ರಲ್ಲಿ ಪ್ರಕಟಿಸಿದರು. ಮೊಬೈಲ್ ಫೋನ್ 1997ರಲ್ಲಿ ಕೋಝಿಕ್ಕೋಡ್ ಕಡೆಗೆ ಬಂತು, ಆಮೇಲೆ ಕಣ್ಣೂರಿಗೆ, ಕೊನೆಗೆ ನಮ್ಮ ಕಾಸರಗೋಡಿಗೆ. ಅದಕ್ಕೂ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಬೂತಾಯಿ ಎಸೆಯುತ್ತಿದ್ದರೆ, ಕೆಲವೇ ಕಿಲೋಮೀಟರ್ ಆಚೆ ಮೀನು ಸಿಗದೆ ಜನ ಬರಿಗೈಯಲ್ಲಿ ಹೋಗುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಿಂದಲೇ ದರ ಕೇಳಿ ಯಾವ ದಡಕ್ಕೆ ಹೋಗಬೇಕೆಂದು ನಿರ್ಧರಿಸತೊಡಗಿದರು. ಹಾಳಾಗುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇ. 8 ಏರಿತು, ಕೊಳ್ಳುವವರಿಗೆ ದರ ಶೇ. 4 ಇಳಿಯಿತು.

ಗಮನಿಸಿ, ಅಲ್ಲಿ ಬದಲಾದದ್ದು ದೋಣಿ ತಿರುಗಿಸುವ ತೀರ್ಮಾನ. ಮೂರು ಕಡೆಗೆ ಫೋನ್ ಬೇರೆ ಬೇರೆ ಸಮಯಕ್ಕೆ ಬಂದದ್ದರಿಂದ ಬಂದ ಊರನ್ನು ಬಾರದ ಊರಿನೊಂದಿಗೆ ಹೋಲಿಸಿ ನೋಡಲು ಸಾಧ್ಯವಾಯಿತು. ಎರಡು ಮೂರು ಶಾಖೆ ಇರುವ ನಮ್ಮವರು ಇದನ್ನೇ ಮಾಡಬಹುದು. ಹೊಸ ಸಾಫ್ಟ್‌ವೇರ್ ಮೊದಲು ಒಂದೇ ಶಾಖೆಗೆ ಹಾಕಿ, ಆರು ತಿಂಗಳು ಎರಡೂ ಕಡೆಯ ಲೆಕ್ಕ ಇಡಿ, ಆಮೇಲೆ ಹೇಳಿ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಬೇಕರಿಯಲ್ಲಿ ದಿನಕ್ಕೆ 200 ಬನ್ನು ಮಾಡುತ್ತಾರೆ, 20 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದರ ಅಸಲು 8 ರೂಪಾಯಿ. ಬಿಲ್ಲಿಂಗ್ ವ್ಯವಸ್ಥೆಗೆ 40,000 ರೂಪಾಯಿ, ವರ್ಷಕ್ಕೆ ನಿರ್ವಹಣೆ 6,000. ವಾರದ ಯಾವ ದಿನ ಎಷ್ಟು ಮಾರಾಟ ಎಂದು ನೋಡಿ ಮಾಲಕರು ಹಿಟ್ಟು ಕಲಸುವುದನ್ನು ತಿದ್ದಿಕೊಂಡು, ಉಳಿಯುವುದನ್ನು 8ಕ್ಕೆ ಇಳಿಸಿದರೆ ದಿನಕ್ಕೆ 96 ರೂಪಾಯಿ, ತಿಂಗಳಿಗೆ 2,880 ಉಳಿತಾಯ. ನಿರ್ವಹಣೆ ಕಳೆದರೆ 2,380. ಹಾಕಿದ ಹಣ ಸುಮಾರು 17 ತಿಂಗಳಿಗೆ ವಾಪಸ್. ರಿಪೋರ್ಟ್ ನೋಡದಿದ್ದರೆ? ಬನ್ನು 20 ಉಳಿಯುತ್ತಲೇ ಇರುತ್ತದೆ, ಮೊದಲ ವರ್ಷವೇ 46,000 ಹೋಯಿತು. ಯಂತ್ರ ಒಂದೇ, ನೋಡುವ ಅಭ್ಯಾಸ ಮಾತ್ರ ಬೇರೆ.

"ನೋಡದಿದ್ದರೆ ನಷ್ಟ ನನಗೆ ತಾನೇ" ಎನ್ನುವವರಿಗೆ 2025ರ ಜುಲೈ ನೆನಪಿಸುತ್ತೇನೆ. ಯುಪಿಐ ಮೂಲಕ ಬಂದ ಹಣದ ಮಾಹಿತಿ ಹಿಡಿದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಚಹಾ, ಬೀಡಾ ಅಂಗಡಿಗಳವರು ಬೆಚ್ಚಿಬಿದ್ದರು. ಬೆಂಗಳೂರಿನಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದರು. ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಹಾಲು, ಹಣ್ಣು, ತರಕಾರಿಗೆ ತೆರಿಗೆ ಇಲ್ಲ. ಆದರೆ ಖಾತೆಗೆ ಬಂದ ಹಣದಲ್ಲಿ ಹಾಲಿನದ್ದು ಎಷ್ಟು, ಸಾಲ ವಾಪಸ್ ಬಂದದ್ದು ಎಷ್ಟು ಎಂದು ತೋರಿಸಲು ದಾಖಲೆ ಬೇಕಲ್ಲ? ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಮಾತುಕತೆ ನಡೆಸಿ ಸಮಾಧಾನ ಮಾಡಿದರು, ಮುಷ್ಕರ ತಪ್ಪಿತು. ಇಲಾಖೆಯ ಕ್ರಮದ ಬಗ್ಗೆ ಆಕ್ಷೇಪ ನನಗೂ ಇದೆ. ಆದರೂ ಸತ್ಯ ಒಂದಿದೆ: ನಮ್ಮ ಅಂಗಡಿಯ ಲೆಕ್ಕ ನಮಗಿಂತ ಮೊದಲು ಇಲಾಖೆ ನೋಡಿತು. ಧರ್ಮಪುರಿಯ ರೈತನ ಸ್ಥಾನದಲ್ಲಿ ನಾವು ನಿಂತೆವು. ಕ್ಯೂಆರ್ ಕೋಡ್ ಕಿತ್ತರೆ ಅದಕ್ಕೆ ಮದ್ದಾಗುವುದಿಲ್ಲ. ಬಾಬ್ತುವಾರು ಬಿಲ್ ಇಟ್ಟವನಿಗೆ ಉತ್ತರ ಕೊಡಲು ಒಂದು ಕಾಗದವಾದರೂ ಇತ್ತು.

ಕೊನೆಗೆ ಮನೆಯ ಮಾತು. ಅಣ್ಣತಮ್ಮಂದಿರು ಕೂಡಿ ಮಾಡಿದ ಎಷ್ಟು ಅಂಗಡಿಗಳು ನಮ್ಮಲ್ಲಿ ಜಗಳದಲ್ಲಿ ಮುಗಿದಿವೆ! ಗಲ್ಫಿನಿಂದ ಹಣ ಕಳಿಸಿದವನಿಗೆ ಲೆಕ್ಕ ಕಾಣುವುದಿಲ್ಲ, ಊರಲ್ಲಿ ದುಡಿದವನಿಗೆ ತನ್ನ ಪಾಲು ಕಾಣುವುದಿಲ್ಲ. ಪಾಸ್‌ವರ್ಡ್ ಒಬ್ಬನ ಕೈಯಲ್ಲಿ. ಆ ಒಬ್ಬ ತೀರಿಹೋದರೆ ಹೆಂಡತಿಗೆ ಬಾಕಿ ಕೊಡಬೇಕಾದವರು ಯಾರೆಂದು ಗೊತ್ತಿಲ್ಲ, ಬಾಕಿ ಬರಬೇಕು ಎಂದು ಬಾಗಿಲಿಗೆ ಬರುವವರು ಮಾತ್ರ ಇರುತ್ತಾರೆ. ಕೇಳಿದರೆ "ನಂಬಿಕೆ ಇಲ್ಲವಾ" ಎಂಬ ಮಾತು. ಸ್ವಾಮಿ, ಲೆಕ್ಕ ತೋರಿಸಿದರೆ ನಂಬಿಕೆ ಗಟ್ಟಿಯಾಗುತ್ತದೆ, ಮುಚ್ಚಿಟ್ಟರೆ ಒಡೆಯುತ್ತದೆ. ಸಾಗೋಸರ್ವ್‌ನಲ್ಲಿ ದರ ಎಲ್ಲರಿಗೂ ಕಾಣುವಂತೆ ಮಾಡಿದ್ದು ಮಿಲ್ಲಿನವರು ಒಬ್ಬರನ್ನೊಬ್ಬರು ದ್ವೇಷಿಸಿದ್ದರಿಂದ ಅಲ್ಲ.

ಆದ್ದರಿಂದ ಸಾಫ್ಟ್‌ವೇರ್ ಮಾರಲು ಬಂದವನಲ್ಲಿ ಮೂರು ಪ್ರಶ್ನೆ ಕೇಳಿ: ಇದರಿಂದ ನನ್ನ ಯಾವ ತೀರ್ಮಾನ ಬದಲಾಗುತ್ತದೆ? ಅದರ ಲಾಭವನ್ನು ನಾನು ಯಾವ ಅಂಕಿಯಲ್ಲಿ ನೋಡಲಿ? ಮನೆಯಲ್ಲಿ ಇದನ್ನು ಯಾರು ಯಾರು ತೆರೆದು ನೋಡಬಹುದು? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಹಣವನ್ನು ಮಗಳ ಓದಿಗೆ ಕೊಡಿ. ಸಿಕ್ಕಿದರೆ ಮೆಷಿನ್ ತನ್ನಿ, ತಿಂಗಳಿಗೊಮ್ಮೆ ಊಟದ ಮೇಲೆ ಹೆಂಡತಿ ಮಕ್ಕಳನ್ನು, ಪಾಲುದಾರರನ್ನು ಕೂರಿಸಿ ರಿಪೋರ್ಟ್ ಓದಿ. ವ್ಯಾಪಾರದಲ್ಲಿ ಬರ್ಕತ್ ಬೇಕು ಎನ್ನುವವರು ಅದು ಬಂದಾಗ ಎಷ್ಟು ಬಂತು ಎಂದು ತಿಳಿದುಕೊಳ್ಳುವುದಾದರೂ ಬೇಡವೇ?