ಸಣ್ಣ ಮನೆ ಕಟ್ಟಿದವರ ಬಗ್ಗೆ ಆಡಿಕೊಳ್ಳುವವರಿಗೆ

ಮಳೆ ಹೊಳವಾಗೋ ಲಕ್ಷಣ ಇಲ್ಲ, ಔಷಧಿ ಹೊಡೆಯೋರು ಇವತ್ತೂ ಬರಲ್ಲ ಅಂದ್ರು. ಹಾಗಾಗಿ ಬರೀತಾ ಇದೀನಿ. ಸ್ವಲ್ಪ ಉದ್ದ ಆಗ್ತದೆ, ಪುರಸೊತ್ತಿದ್ದವರು ಓದಿ.

ಹಳೇ ಮನೆ ಇಳಿಸಿ ನಾವಿಬ್ಬರೂ 650 ಚದರಡಿ ಮನೆಗೆ ಬಂದಿದ್ದು ನಿಮಗೆಲ್ಲ ಗೊತ್ತಿರೋದೇ. ಎರಡು ಕೋಣೆ, ಅಡುಗೆಮನೆ, ಬಚ್ಚಲು, ಮುಂದೊಂದು ಜಗುಲಿ. ಊರಲ್ಲಿ ಎದ್ದ ಸುದ್ದಿಗಳೂ ನನ್ನ ಕಿವಿಗೆ ಬಿದ್ದಿವೆ. ತೋಟ ಅಡ ಬಿದ್ದಿದೆಯಂತೆ, ಮಕ್ಕಳು ದುಡ್ಡು ಕಳಿಸೋದು ಬಿಟ್ಟಿದಾರಂತೆ. ತಳಪಾಯ ನೋಡಿ "ಕೆಲಸದವರಿಗೆ ಮನೆ ಕಟ್ಟಿಸ್ತಿದೀರಾ?" ಅಂತ ಕೇಳಿದವರೂ ಒಬ್ಬರು. ಆ ಒಂದು ಮಾತಲ್ಲೇ ಎಲ್ಲ ಇದೆ ಮಾರಾಯ್ರೇ. ಕೆಲಸ ಮಾಡೋರ ಮನೆ ಸಣ್ಣದು, ಮಾಡಿಸೋರ ಮನೆ ದೊಡ್ಡದು ಅನ್ನೋ ಲೆಕ್ಕ ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ.

ಮನೆತನ, ಸಂಪ್ರದಾಯ ಅಂತೀರಲ್ಲ, ನಮ್ಮ ಹಿರಿಯರು ದೊಡ್ಡ ಮನೆ ಯಾಕೆ ಕಟ್ಟಿದ್ರು ಅಂತ ಯೋಚಿಸಿದೀರಾ? ಶೋಕಿಗೆ ಕಟ್ಟಿದ್ದಲ್ಲ, ಅದು ಕಾರ್ಖಾನೆ. ಗೇಣಿ ಭತ್ತ ಬಂದು ಕಣಜ ತುಂಬಬೇಕಿತ್ತು. ಕೊಯ್ಲಿನ ಕಾಲದಲ್ಲಿ ರಾತ್ರಿಯಿಡೀ ಇಪ್ಪತ್ತು ಜನ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋಕೆ ಜಾಗ ಬೇಕಿತ್ತು. ಬೇಯಿಸಿ ಒಣಗಿಸಿದ ಅಡಿಕೆ ದರ ಬರೋವರೆಗೂ ಅಟ್ಟದ ಮೇಲೆ ಬೆಚ್ಚಗೆ ಕೂರಬೇಕಿತ್ತು. ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಓದೋಕೆ ಬಂದ ನೆಂಟರ ಹುಡುಗರು ಎಲ್ಲ ಸೇರಿ ಪಂಕ್ತಿಗೆ ಮೂವತ್ತು ಎಲೆ. ಆ ಕೆಲಸಕ್ಕೆ, ಆ ಜನಕ್ಕೆ ತಕ್ಕ ಮನೆ ಅದು.

1974ರ ಭೂಸುಧಾರಣಾ ತಿದ್ದುಪಡಿ ಬಂತು, ಗೇಣಿ ನಿಂತಿತು, ಕಣಜ ಖಾಲಿಯಾಯ್ತು. ಉಳುವವನಿಗೆ ಭೂಮಿ ಹೋಗಿದ್ದು ನ್ಯಾಯವೇ. ಆದರೆ ಆ ಅಕ್ಕಿ, ಆ ಆಳುಗಳು ಹಿಡಿದು ನಿಲ್ಲಿಸಿದ್ದ ಮನೆಯನ್ನ ಅವೆರಡೂ ಇಲ್ಲದೆ ನಾವು ಐವತ್ತು ವರ್ಷ ಹೊತ್ತುಕೊಂಡು ಬಂದ್ವಿ. ಈಗ ಸುಲಿಯೋಕೆ ಮಷಿನ್ ಇದೆ. ಎಷ್ಟೋ ಜನ ಹಸಿ ಅಡಿಕೆಯನ್ನೇ ಚೇಣಿ ಕೊಟ್ಟು ಕೈ ತೊಳ್ಕೊಳ್ತಾರೆ. ಒಣ ಅಡಿಕೆ ಸೀದಾ ಮಂಡಿಗೆ ಹೋಗ್ತದೆ. ಅಟ್ಟದ ಮೇಲೆ ಏನಿದೆ? ಇಲಿ, ಹಳೇ ತೊಟ್ಟಿಲು, ಹುಳ ಹೊಡೆದ ಮರದ ಪೆಟ್ಟಿಗೆ.

ಆ ಮನೆ ನಿಂತಿದ್ದು ಹೆಂಗಸರ ಸೊಂಟದ ಮೇಲೆ. ಹನ್ನೆರಡು ಅಂಕಣದ ಮನೆ ಗುಡಿಸಿ ಒರೆಸೋದು ಅಂದ್ರೆ ಏನು ಅಂತ ಜಗುಲಿ ಮೇಲೆ ಕವಳ ಹಾಕ್ಕೊಂಡು ಮನೆತನದ ಮಾತಾಡೋರು ಒಂದು ವಾರ ಮಾಡಿ ನೋಡ್ಲಿ. ಮಳೆಗಾಲದಲ್ಲಿ ಗೋಡೆ ಬೆವರ್ತದೆ, ಬಟ್ಟೆ ಬೂಸಲು ಹಿಡೀತದೆ, ಮಂಗ ಹಂಚು ಒಡೆದಲ್ಲೆಲ್ಲ ಬಕೆಟ್ ಇಡಬೇಕು. ಇರೋದು ಇಬ್ಬರು, ಅದ್ರಲ್ಲಿ ಒಬ್ಬರಿಗೆ ಮಂಡಿನೋವು. ಮೊದಲಿನಂತೆ ವರ್ಷಾ ವರ್ಷ ಹಂಚು ಕೈಯಾಡಿಸೋಣ ಅಂದ್ರೆ ಮಾಡು ಹತ್ತೋ ಜನ ಇಲ್ಲ. ಸಿಕ್ಕ ಜನ ತೋಟಕ್ಕೇ ಸಾಲಲ್ಲ.

ಇನ್ನು ಹಳೇದು ಕೆಡವಿ ಅದಕ್ಕಿಂತ ದೊಡ್ಡ ಆರ್‌ಸಿಸಿ ಮನೆ ಕಟ್ಟೋರ ಕಥೆ. ಕೆಂಪಡಿಕೆಗೆ ದರ ಬಂದ ವರ್ಷ ಪಾಯ ತೆಗೀತಾರೆ. 2014ರಲ್ಲಿ ದರ ಆಕಾಶಕ್ಕೆ ಹೋಗಿ ಎರಡೇ ವರ್ಷದಲ್ಲಿ ನೆಲಕ್ಕೆ ಬಂದಿದ್ದು ಮರೆತೋಯ್ತಾ? 25 ಲಕ್ಷ ಸಾಲ, ಶೇ. 9 ಬಡ್ಡಿ, 15 ವರ್ಷ ಅಂತ ಹಿಡೀರಿ. ತಿಂಗಳ ಕಂತು 25 ಸಾವಿರದ ಮೇಲೆ, ವರ್ಷಕ್ಕೆ 3 ಲಕ್ಷ, ಮುಗಿಯೋ ಹೊತ್ತಿಗೆ 45 ಲಕ್ಷ ದಾಟಿರ್ತದೆ. ಎಲೆಚುಕ್ಕಿ ರೋಗ ತೋಟಕ್ಕೆ ತೋಟವನ್ನೇ ಒಣಗಿಸ್ತಿರೋ ಕಾಲದಲ್ಲಿ ಹದಿನೈದು ವರ್ಷದ ಫಸಲನ್ನ ಅಡ ಇಡೋದು ಯಾವ ಧೈರ್ಯ? ಅದೇ 3 ಲಕ್ಷ ಬಸಿಗಾಲುವೆಗೆ, ಗೊಬ್ಬರಕ್ಕೆ, ಹೊಸ ಸಸಿಗೆ ಹೋಗಿದ್ರೆ ತೋಟ ಆದರೂ ಉಳೀತಿತ್ತು.

ಅಷ್ಟು ಸುರಿದ ಸ್ಲ್ಯಾಬ್ ನಮ್ಮ ಮಳೆಗೆ ಎಷ್ಟು ವರ್ಷ ತಡೀತದೆ? ಸೋರೋಕೆ ಶುರುವಾದ ಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟ್ ಹೊದೆಸ್ತೀವಿ. ಒಂದು ಮನೆಗೆ ಎರಡು ಮಾಡು! ಬಸ್ಸಲ್ಲಿ ಹೋಗ್ತಾ ಎಣಿಸಿ ನೋಡಿ. ಮೇಲಿನ ಮಹಡಿ ಯಾರಿಗೆ ಅಂದ್ರೆ ಮಕ್ಕಳಿಗೆ. ಮಕ್ಕಳು ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಲ್ಲಿ ಸುಖವಾಗಿದಾರೆ, ಇಲ್ಲಿ ಅವರ ಕೋಣೆಗೆ ವರ್ಷದಲ್ಲಿ 350 ದಿನ ಬೀಗ.

ಒಂದು ಮಾತು ಒಪ್ಪಬೇಕು. 2020ರ ಲಾಕ್‌ಡೌನಲ್ಲಿ ಎಲ್ಲ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದಾಗ ದೊಡ್ಡ ಮನೆ ಇದ್ದವರು ನಿರಾಳ ಇದ್ರು. ಅದಕ್ಕೇ ನಾನು ಉತ್ತರದ ಬದಿಗೆ ಇನ್ನೊಂದು ಕೋಣೆಗೆ ಆಗುವಷ್ಟು ಪಾಯ ಹಾಕಿಸಿ ಬಿಟ್ಟಿದೀನಿ. ಯಾರಾದ್ರೂ ನಿಜವಾಗಿ ವಾಪಸ್ ಬಂದು ತೋಟಕ್ಕೆ ಇಳಿದ್ರೆ ಮರುವಾರವೇ ಗೋಡೆ ಏಳ್ತದೆ. ಹಬ್ಬ, ತಿಥಿ, ಸತ್ಯನಾರಾಯಣ ಕಥೆಗೆ ಅಂಗಳದಲ್ಲಿ ಚಪ್ಪರ ಸಾಕು. ಮದುವೆಯಂತೂ ಈಗ ಯಾರ ಮನೆಯಲ್ಲೂ ಆಗಲ್ಲ. ಮನೆಯಲ್ಲಿ ಹತ್ತು ಜನ ಇದ್ದು, ಗುಡಿಸೋಕೆ ಗಂಡಸರೂ ಕೈ ಹಾಕೋದಾದ್ರೆ ನಿಮ್ಮ ದೊಡ್ಡ ಮನೆ ಉಳಿಸ್ಕೊಳ್ಳಿ, ನನ್ನ ತಕರಾರಿಲ್ಲ.

ಸಣ್ಣದು ಅಂದ್ರೆ ಗೂಡು ಅಂತ ತಿಳೀಬೇಡಿ, ನಮಗೆ ಬೇಕಾದ್ದು ಯಾವುದನ್ನೂ ಬಿಟ್ಟಿಲ್ಲ. ಜಗುಲಿಗೆ ಹಳೇ ಮನೆಯ ಹಲಸಿನ ಕಂಬ ನಾಲ್ಕು, ಎದುರು ಬಾಗಿಲೂ ಅದೇ. ಬಚ್ಚಲಲ್ಲಿ ಹಂಡೆ ಒಲೆ ಇದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗೋದೂ ಅದರ ಮೇಲೇ. ಒಳಗೆಲ್ಲೂ ಮೆಟ್ಟಿಲಿಲ್ಲ, ಹೊಸ್ತಿಲು ಅರ್ಧ ಇಂಚು, ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲ. ನಗಬೇಡಿ, ಎಲ್ಲರಿಗೂ ವಯಸ್ಸಾಗ್ತದೆ. ಅಡುಗೆಮನೆ ಮಾತ್ರ ಪಡಸಾಲೆಗಿಂತ ದೊಡ್ಡದು. ಅದು ಮನೆಯಾಕೆ ಹಾಕಿದ ಷರತ್ತು, ಮೇಸ್ತ್ರಿಗೂ ನನಗೂ ಅಲ್ಲಿ ಬಾಯಿರಲಿಲ್ಲ. ಅಡಿಕೆ, ಗೊಬ್ಬರ, ಸ್ಪ್ರೇಯರ್ ಎಲ್ಲ ಹೊರಗಿನ ಶೆಡ್ಡಿಗೆ. ಮನೆಯೊಳಗೆ ಮೈಲುತುತ್ತದ ವಾಸನೆ ಇಲ್ಲದೆ ಮಲಗೋ ಸುಖ ಬೇರೆ.

ಮಾಡಿಗೆ ಹಳೇ ಮಂಗಳೂರು ಹಂಚೇ ಆರಿಸಿ ಹಾಕಿದ್ದು, ಸುಮಾರು 1,700 ಹಿಡೀತು. ಗೋಡೆ ನೆನೀಬಾರದು ಅಂತ ಸೂರು ಸುತ್ತಲೂ ಮೂರಡಿ ಹೊರಗೆ ಬಿಟ್ಟಿದೀವಿ. ಸೂರೂ ಸೇರಿ ಮಳೆ ಬೀಳೋ ಜಾಗ ಸಾವಿರ ಚದರಡಿ. 3,000 ಮಿ.ಮೀ. ಮಳೆ ಆದ್ರೆ 2.8 ಲಕ್ಷ ಲೀಟರ್ ಹತ್ತಿರ ಆಗ್ತದೆ. ಆ ನೀರು ಬಾವಿ ಪಕ್ಕದ ಇಂಗುಗುಂಡಿಗೆ. ಹಳೇ ಗೋಡೆ ಮಣ್ಣು ತೋಟದ ಬುಡಕ್ಕೆ ಹೋಯ್ತು.

ಇಳಿಸೋಕೆ ಮನಸ್ಸು ಮಾಡಿದವರಿಗೆ ಎರಡು ವಿಷಯ. ಹಳೇ ಕಂಬ, ಬಾಗಿಲು ಕೇಳ್ಕೊಂಡು ಜೀಪಲ್ಲಿ ಬರೋ ವ್ಯಾಪಾರಿಗಳಿಗೆ ಮೊದಲ ದಿನವೇ ಹೂಂ ಅನ್ನಬೇಡಿ. "ಹುಳ ಹಿಡಿದಿದೆ, ಸೌದೆ ರೇಟು" ಅಂತಲೇ ಮಾತು ಶುರು ಮಾಡ್ತಾರೆ. ಇನ್ನೊಂದು, ಅಕ್ಕತಂಗಿಯರ ಸಹಿ. 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. ಗಂಡುಮಕ್ಕಳು ಪಾಲಾಗೋವರೆಗೂ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳೋ ಹಾಗಿಲ್ಲ ಅಂತಿದ್ದ 23ನೇ ಕಲಮೂ ಆಗಲೇ ಹೋಗಿದೆ. ನಮ್ಮಲ್ಲಿ ಎಲ್ಲರನ್ನೂ ಕರೆಸಿ, ಊಟ ಹಾಕಿ, ಯಾರಿಗೆ ಯಾವ ಕಂಬ, ಯಾರಿಗೆ ತೊಟ್ಟಿಲು ಅಂತ ಅಲ್ಲೇ ತೀರ್ಮಾನ ಆಯ್ತು. ಅಕ್ಕ ಕೇಳಿದ್ದು ಒರಳುಕಲ್ಲು ಒಂದೇ. ಅದನ್ನ ಎತ್ತೋಕೆ ಆರು ಜನ ಬೇಕಾಯ್ತು, ಅದು ಬೇರೆ ಕಥೆ.

ಒಳ್ಳೇ ಹಂಚು ಇನ್ನೂ ಸಾವಿರದಷ್ಟು ಶೆಡ್ಡಿನ ಪಕ್ಕ ಪೇರಿಸಿಟ್ಟಿದೀನಿ. ಕೊಟ್ಟಿಗೆಗೆ, ಬಚ್ಚಲಿಗೆ ಬೇಕಾದವರು ಮಳೆ ಹೊಳವಾದ ಮೇಲೆ ಬಂದು ತಗೊಂಡು ಹೋಗಿ. ದುಡ್ಡು ಬೇಡ, ಗಾಡಿ ಮಾತ್ರ ನೀವೇ ತರಬೇಕು.