ಸಿಕ್ಕಿದ್ದು ವೇಲು, ಮಾರಿದ್ದು ಸೈಕಲ್ಲು

ಹ್ವಾದ ತಿಂಗಳ ನಮ್ಮ ತಂಗಿ ಮಗಳು ಕಾಲೇಜಿಂದ ಊರಿಗೆ ಬರೂ ಮುಂದ ಸೈಕಲ್ ಮ್ಯಾಲಿಂದ ಬಿದ್ಲು. ವೇಲಿನ ತುದಿ ಹಿಂದಿನ ಗಾಲ್ಯಾಗ ಸಿಕ್ಕು ಕುತ್ತಿಗಿಗೆ ಉರುಲು ಬಿಗಿದಂಗ ಆತು. ದೇವರು ದೊಡ್ಡಾವ, ಪಿನ್ನು ಕಿತ್ತು ಬಂತು. ಕುತ್ತಿಗಿ ಮ್ಯಾಲೆ ಒಂದು ಕೆಂಪ ಗೆರಿ, ತರಚಿದ ಮಣಕಾಲು, ಅಷ್ಟರಾಗ ಮುಗೀತು. ಮರದಿನಾ ಅವರ ಅಜ್ಜಿ, ಕಾಕಾ, ಎಲ್ಲಾರೂ ಕೂಡಿ ತೀರ್ಮಾನ ಮಾಡಿದ್ರು: ಸೈಕಲ್ ಮಾರಿ ಬಿಡೂದು. ವೇಲಿನ ಬಗ್ಗೆ ಒಬ್ಬರರ ಬಾಯಿ ಬಿಡಬೇಕಲ್ರೀ? ನಾನೂ ಅಲ್ಲೇ ಚಹಾ ಸೋಸಕೋತ ನಿಂತಿದ್ದೆ, ಸುಮ್ಮನಿದ್ದೆ. ಆ ಸಿಟ್ಟು ನನ್ನ ಮ್ಯಾಲೇ ಐತಿ, ಅದಕ್ಕ ಬರ್ಯಾಕತ್ತೀನಿ. ಈಗ ಆ ಹುಡುಗಿಗೆ ಮುಂಜಾನೆ ಒಂದ ಬಸ್ಸು. ತುಂಬಿ ಬಂದ್ರ ಅವ ನಿಲ್ಲಸಂಗಿಲ್ಲ, ಕಾಲೇಜು ತಪ್ಪತೈತಿ.

ನಾ ಸಣ್ಣಾಕಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿನ ಕಂಬಿ ಕೆಳಗ ಕಾಲು ತೂರಿಸಿ ಓಡಸ್ತಿದ್ದೆ. ದೊಡ್ಡಾಕಿ ಆದ ದಿನಾನ ಅಜ್ಜಿ ನಿಲ್ಲಿಸಿದ್ಲು, ಗರ್ಭ ಜಾರತೈತಿ ಅಂತ. ಈ ಮಾತು ನಮ್ಮ ಕಡೆದಷ್ಟ ಅಲ್ಲ. 1890ರ ಸುಮಾರಿಗೆ ಇಂಗ್ಲೆಂಡ್, ಅಮೆರಿಕಾದಾಗ ಹೆಣ್ಮಕ್ಕಳು ಸೈಕಲ್ ಹತ್ತಿದಾಗ ಅಲ್ಲಿ ಕಲಿತ ಡಾಕ್ಟರುಗಳೂ ಹಿಂಗ ಹೆದರಿಸಿದ್ರು. ಮುಖ ಸೊಟ್ಟ ಆಗತೈತಿ ಅಂತ ಹೇಳಿ ಅದಕ್ಕೊಂದು ರೋಗದ ಹೆಸರೂ ಇಟ್ಟಿದ್ರು, ‘ಸೈಕಲ್ ಮುಖ’ ಅಂತ! ನಗು ಬರತೈತಿ. ಆದ್ರ ನಮ್ಮ ಮನ್ಯಾಗ ಅದ ಮಾತು ಇನ್ನೂ ನಡ್ಯಾಕತ್ತೈತಿ.

ಗರ್ಭ ಜಾರೂದು ಹೆರಿಗಿ ಮ್ಯಾಲೆ ಹೆರಿಗಿ ಆಗಿ, ಭಾರ ಎತ್ತಿ, ವರ್ಷಾನುಗಟ್ಲೆ ಕೆಮ್ಮಿ, ಮುಟ್ಟು ನಿಂತ ಮ್ಯಾಲೆ ಮೈ ಸಡಿಲಾಗಿ. ನನಗ ಬಾಣಂತನ ಮುಗ್ಯೂದರಾಗ ತುಂಬಿದ ಕೊಡಾ ಎತ್ತಿಸಿದ್ರು. ಆವಾಗ ನನ್ನ ಗರ್ಭದ ಚಿಂತಿ ಯಾರಿಗೂ ಇರಲಿಲ್ಲ ಬಿಡ್ರಿ. ಇನ್ನೊಂದು ಮಾತು ಕಿವ್ಯಾಗ ಹೇಳತಾರ, ಲಗ್ನಕ್ಕ ತ್ರಾಸಾಗತೈತಿ ಅಂತ. ಆ ಪೊರಿ ಒಬ್ಬೊಬ್ಬರಿಗೆ ಹುಟ್ಟಾನ ಒಂದೊಂದು ನಮೂನಿ ಇರತೈತಿ. ಅದನ್ನ ನೋಡಿ ಹುಡುಗಿ ನಡತಿ ಹೇಳಾಕ ಯಾವ ಡಾಕ್ಟರಿಗೂ ಬರಂಗಿಲ್ಲ.

ಬ್ಯಾನಿ ಆಗಂಗಿಲ್ಲ ಅಂತ ನಾ ಹೇಳಂಗಿಲ್ಲ. ಆಗತೈತಿ, ಅದನ್ನ ನಾಚಿಕಿ ಬಿಟ್ಟು ಮಾತಾಡಬೇಕು. ಹೆಣ್ಮಕ್ಕಳಿಗೆ ಕುಂಡಿ ಎಲುಬಿನ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು. ಚೂಪ ಸೀಟಿನ ಮ್ಯಾಲೆ ಕುಂತ್ರ ಭಾರ ಎಲುಬಿನ ಮ್ಯಾಲೆ ಬೀಳಂಗಿಲ್ಲ, ಮೆತ್ತನ ಜಾಗಾದ ಮ್ಯಾಲೆ ಬೀಳತೈತಿ. ಅದಕ್ಕ ಜೋಮು ಹಿಡಿತೈತಿ, ಉರಿತೈತಿ. ಹಿಂದ ಅಗಲ ಇದ್ದ ಸೀಟು ಹಾಕಸ್ರಿ, ಮೂಗು ಮ್ಯಾಲೆ ಎದ್ದಿದ್ರ ಸಪಾಟ ಮಾಡಸ್ರಿ. ಭಾಳ ಮೆತ್ತನ ಸ್ಪಂಜೂ ಬ್ಯಾಡ, ಕುಂತ್ರ ಒಳಗ ಹೋಗಿ ಮತ್ತ ಅಲ್ಲೇ ಒತ್ತತೈತಿ. ಅಂಗಡ್ಯಾವ ಎರಡೂ ಕಾಲು ನೆಲಕ್ಕ ಊರಲಿ ಅಂತ ಸೀಟು ಇಳಿಸಿ ಕೊಡತಾನ, ಮುಂದ ಮಣಕಾಲು ನೋವು. ಪೆಡಲ್ ಕೆಳಗಿದ್ದಾಗ ಅದರ ಮ್ಯಾಲೆ ಹಿಮ್ಮಡ ಇಟ್ರ ಕಾಲು ನೆಟ್ಟಗ ಆಗಬೇಕು, ಅಷ್ಟ ಎತ್ತರ ಇರಲಿ. ಒಂದು ಪಾನಾ ಇದ್ರ ಮನ್ಯಾಗ ಮಾಡೂ ಕೆಲಸ ಇದು.

ಒಳಗ ಹತ್ತಿ ಬಟ್ಟಿ ಹಾಕ್ರಿ, ತೊಡಿ ಸಂದ್ಯಾಗ ದಪ್ಪ ಹೊಲಿಗಿ ಬರೂ ಪ್ಯಾಂಟು ಬ್ಯಾಡ, ಬೆವರಿಂದ ತೊಯ್ದಿದ್ದನ್ನ ಮನಿಗೆ ಬಂದ ಕೂಡಲೆ ಬದಲ ಮಾಡ್ರಿ. ಮುಟ್ಟಾದಾಗೂ ಓಡಸಬಹುದು, ಮೈ ಒಲ್ಲೆ ಅಂದ ದಿನ ಬಿಡ್ರಿ.

2006-07ರಾಗ ಸರ್ಕಾರ ಎಂಟನೇತ್ತಾ ಹುಡುಗ್ಯಾರಿಗೆ ಸೈಕಲ್ ಕೊಡಾಕ ಶುರು ಮಾಡಿದಾಗ ನಮ್ಮ ಓಣಿ ಹುಡುಗ್ಯಾರು ಸಾಲಾಗಿ ಹೋಗೂದನ್ನ ಕಟ್ಟಿ ಮ್ಯಾಲೆ ನಿಂತು ನೋಡತಿದ್ವಿ. ಅವರಾಗ ಎಷ್ಟೋ ಮಂದಿ ಈಗ ಎರಡೆರಡ ಮಕ್ಕಳ ತಾಯಂದಿರು. ಗಾಲಿ ಬಂತು, ಅದಕ್ಕ ಸುತ್ತಿಕೊಳ್ಳೂ ಎರಡು ಮೊಳ ಬಟ್ಟಿ ಮಾತ್ರ ನಾವು ಬಿಡಲಿಲ್ಲ. ಮರ್ಯಾದಿ ಅಂದ್ರ ಮ್ಯಾಲೊಂದು ಕೋಟು ಹೊಲಿಸ್ರಿ. ವೇಲು ಬೇಕೇ ಬೇಕು ಅಂದ್ರ ಸೊಂಟಕ್ಕ ಬಿಗಿದು ತುದಿ ಒಳಗ ಸಿಗಸ್ರಿ.

ತಂಗೀ, ನೀ ಇದನ್ನ ಓದತಿ ಅಂತ ಗೊತ್ತೈತಿ. ಸೈಕಲ್ ತಗೊಂಡಾವ ಇನ್ನೂ ಯಾರಿಗೂ ಕೊಟ್ಟಿಲ್ಲ, ನಿನ್ನೆ ವಿಚಾರಿಸಿ ಬಂದೀನಿ. ರೊಕ್ಕ ನಾ ಕೊಡತೀನಿ, ಸೀಟೂ ಬದಲ ಮಾಡಸ್ತೀನಿ. ವೇಲಿನ ಮಾತು ನಿಮ್ಮ ಅತ್ತಿಯವರ ಮುಂದ ನೀನ ತಗೀಬೇಕು. ನಾ ಬಾಜೂಕ ಕುಂದರತೀನಿ, ಈ ಸಲ ಚಹಾ ಸೋಸಂಗಿಲ್ಲ.